ಬೀಗ ಹಾಕಿದ ದ್ವೀಪ

ಅಮೆರಿಕದ ಕ್ಯಾಲಿಫೋರ್ನಿಯಾ ತೀರದಾಚೆ ಸ್ಯಾನ್ ಕ್ಲೆಮೆಂಟೆ ಎಂಬ ದ್ವೀಪವುಂಟು. 1934ರಿಂದ ಅದು ಆ ದೇಶದ ನೌಕಾಸೇನೆಯ ಸ್ವತ್ತು. ಯುದ್ಧನೌಕೆಗಳು ಅಲ್ಲಿ ಫಿರಂಗಿಯ ಅಭ್ಯಾಸ ಮಾಡುವುವು, ಜನಸಾಮಾನ್ಯರಿಗೆ ಪ್ರವೇಶವಿಲ್ಲ. ಅಲ್ಲಿನ ಜೀವರಾಶಿಗೆ ಪರಮಶತ್ರು ಯಾವುದೆಂದರೆ, ಫಿರಂಗಿಯೆಂದೇ ನಾವು ಹೇಳುವೆವು. ಆದರೆ ಅದಕ್ಕಿಂತಲೂ ಹೆಚ್ಚು ಹಾನಿ ಮಾಡಿದುದು ಸಾಧುಪ್ರಾಣಿಯಾದ ಆಡು!

19ನೆಯ ಶತಮಾನದಲ್ಲಿ ತಂದುಬಿಟ್ಟ ಆಡುಗಳು ಸಾವಿರಗಟ್ಟಲೆ ಹೆಚ್ಚಿ, ಲೋಕದಲ್ಲಿ ಬೇರೆಲ್ಲಿಯೂ ಇಲ್ಲದ ಗಿಡಗಳನ್ನು ಮೇದು ನೆಲವನ್ನು ಬರಿದುಮಾಡಿದುವು. ಪೊದೆಗಳೊಡನೆ ಹಕ್ಕಿಗಳ ಗೂಡಿನ ನೆಲೆಯೂ ಹೋಯಿತು. ಬೇಟೆಯನ್ನು ಮುಳ್ಳಿಗೆ ಚುಚ್ಚಿಡುವ ಅಲ್ಲಿನ ಕಳಿಂಗಪಕ್ಷಿಗಳು 1998ರಲ್ಲಿ ಬಯಲಿನಲ್ಲಿ ಸುಮಾರು 14 ಮಾತ್ರ ಉಳಿದಿದ್ದುವು.

1990ರ ದಶಕದ ಆರಂಭದೊಳಗೆ ಸೇನೆಯವರು ಆಡುಗಳನ್ನೆಲ್ಲ ತೆಗೆಸಿದ್ದರು. ಸ್ಯಾನ್ ಡೀಗೋ ಮೃಗಾಲಯದವರ ನೆರವಿನಿಂದ ಕಳಿಂಗಗಳನ್ನು ಪಂಜರದಲ್ಲಿ ಮರಿಮಾಡಿಸಿ ಹಾರಿಬಿಟ್ಟರು. 2023ರಲ್ಲಿ ನಾಲ್ಕು ಬಗೆಯ ಗಿಡಗಳೂ ಒಂದು ಚಿಕ್ಕ ಹಕ್ಕಿಯೂ ಅಳಿವಿನಂಚಿನ ಪಟ್ಟಿಯಿಂದ ಪಾರಾದುವು. ಕಳಿಂಗಕ್ಕೆ ಮಾತ್ರ ಆಗ ಆ ಭಾಗ್ಯವೊದಗಲಿಲ್ಲ.

ನಮ್ಮ ಮುರುಡೇಶ್ವರದ ಎದುರಿಗಿರುವ ನೇತ್ರಾಣಿಯೂ ನೌಕಾಸೇನೆಯು ಗುರಿಯಭ್ಯಾಸಕ್ಕೆ ಬಳಸಿಕೊಂಡ ದ್ವೀಪವೇ. ಬಿಳಿಹೊಟ್ಟೆಯ ಕಡಲಹದ್ದು ಗೂಡುಕಟ್ಟುವ ಆ ನೆಲದಲ್ಲಿಯೂ ಆಡುಗಳು ಮೇದುದುಂಟು. ಆದುದರಿಂದ ಸ್ಯಾನ್ ಕ್ಲೆಮೆಂಟೆಯ ವೃತ್ತಾಂತವು ನಮಗೆ ಪರದೇಶದ ಮಾತಲ್ಲ. ಜನರನ್ನು ಹೊರಗಿಟ್ಟ ಮಾತ್ರಕ್ಕೆ ರಕ್ಷಣೆಯಾಗದು. ಇಲಿಯನ್ನು ಒಳಗೆ ಬಿಟ್ಟು ಕಣಜಕ್ಕೆ ಬೀಗ ಹಾಕಿದರೆ ಧಾನ್ಯವುಳಿಯುವುದೆ? ಒಡೆತನವುಳ್ಳವನು ಒಳಹೊಕ್ಕು ನೋಡಬೇಕು; ನೋಡಿ, ಮಾಡಬೇಕಾದುದನ್ನು ಮಾಡಬೇಕು.