ಅರಳು ಮರಳೂ ಅಜ್ಜಿಯ ತಟ್ಟೆಯೂ

ಅರವತ್ತಕ್ಕೆ ಅರಳು ಮರಳೆಂಬ ಗಾದೆಯನ್ನು ನಮ್ಮವರು ಎಷ್ಟು ಸಲೀಸಾಗಿ ಆಡುತ್ತಾರೆಂದರೆ, ವಯಸ್ಸಾದವರು ಎಲ್ಲವನ್ನೂ ಮರೆಯುವುದು ಹೊತ್ತು ಮುಳುಗಿದಷ್ಟೇ ಸಹಜವೆಂದು ನಂಬಿಬಿಟ್ಟಿದ್ದಾರೆ. ಮರೆವು ಒಂದು ಕಾಯಿಲೆಯಾಗಿರಬಹುದು, ಅದರ ಕಾರಣಗಳಲ್ಲಿ ಕೆಲವು ಅಡುಗೆಮನೆಯಲ್ಲಿಯೇ ಇರಬಹುದು ಎಂಬ ವಿಚಾರ ಹೊಳೆಯುವುದು ಅಪರೂಪ. ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ಆಯೋಗವು 2024ರಲ್ಲಿ 14 ಕಾರಣಗಳನ್ನು ಎಣಿಸಿ, ಅವನ್ನು ನಿವಾರಿಸಿದರೆ ಲೋಕದಲ್ಲಿ ಮರೆವಿನ ರೋಗವನ್ನು ಶೇಕಡಾ 45ರಷ್ಟು ತಪ್ಪಿಸಬಹುದು ಇಲ್ಲವೆ ಮುಂದೂಡಬಹುದೆಂದು ಹೇಳಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೊಜ್ಜು, ರಕ್ತದಲ್ಲಿನ ಕೆಟ್ಟ ಕೊಬ್ಬು ಇವು ನಾಲ್ಕೂ ಆ ಪಟ್ಟಿಯಲ್ಲಿವೆ. ನಾಲ್ಕಕ್ಕೂ ತಟ್ಟೆಯ ನಂಟುಂಟು.

ಆದುದರಿಂದ ಹಿರಿಯರಿಗೆ ಆಹಾರದ ತಿಳಿವಳಿಕೆ ಕೊಡಬೇಕೆಂಬುದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಕೊಡುವ ಬಗೆಯನ್ನು ಕುರಿತದ್ದು. ಮೊಬೈಲಿನಲ್ಲಿ ಬರುವ ಉಪದೇಶಗಳೆಲ್ಲ ಬಾದಾಮಿ, ಆಕ್ರೋಟು, ಆಲಿವ್ ಎಣ್ಣೆಗಳ ಸುತ್ತಲೇ ಸುತ್ತುತ್ತವೆ. ಬಂಡೀಪುರದ ಕಾಡಂಚಿನ ಹಳ್ಳಿಯ ಅಜ್ಜಿಗೆ ಆಕ್ರೋಟು ತಿನ್ನೆನ್ನುವುದು, ಹುಲಿ ಬಂದರೆ ವಿಮಾನ ಹತ್ತು ಎಂದಂತೆ. ಆಕೆಯ ಹಿತ್ತಲಲ್ಲಿ ನುಗ್ಗೆಯ ಮರವಿದೆ. ಹೊಲದಲ್ಲಿ ಹುರುಳಿ, ಅವರೆ, ಅಲಸಂದೆಗಳಿವೆ. ಬೆರಕೆ ಸೊಪ್ಪಿನಲ್ಲಿ ಯಾವುದು ತಿನ್ನುವಂಥದು, ಯಾವುದು ಅಲ್ಲ ಎಂಬುದನ್ನು ಆಕೆಯೇ ನಮಗೆ ಕಲಿಸಬೇಕು.

ಹಾಗಾದರೆ ಕೊರತೆ ಎಲ್ಲಿ? ತೆರಕಣಾಂಬಿಯ ಮಾರುಕಟ್ಟೆಯಿಂದ ತರಕಾರಿ ಲಾರಿಗಟ್ಟಲೆ ಕೇರಳಕ್ಕೆ ಹೋಗುತ್ತದೆ. ಬೆಳೆದವರ ಮನೆಯ ಹಿರಿಯರಿಗೆ ಎಷ್ಟೋ ದಿನ ಅನ್ನ, ಸಾರು, ಉಪ್ಪಿನಕಾಯಿ. ಬಸ್ಸಾರು ಮಾಡಿದ ದಿನವನ್ನೇ ನೋಡಿ. ಸೊಪ್ಪು ಕಾಳು ಬೇಯಿಸಿ ಬಸಿದ ಕಟ್ಟು ಸಾರಾಗುತ್ತದೆ, ಉಳಿದದ್ದು ಪಲ್ಯವಾಗುತ್ತದೆ. ಹಲ್ಲಿಲ್ಲದ ಅಜ್ಜಿ ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗುತ್ತಾಳೆ. ಅಗಿಯಲಾಗದ ಪಲ್ಯ ತಟ್ಟೆಯ ಅಂಚಿನಲ್ಲಿಯೇ ಉಳಿಯುತ್ತದೆ. ಸೊಪ್ಪನ್ನೂ ಬೇಳೆಯನ್ನೂ ಮಸೆದು ಮಾಡುವ ಮಸ್ಸೊಪ್ಪಿಗೆ ಹಲ್ಲು ಬೇಕಿಲ್ಲ! ಸೊಸೆಗೆ ಇಷ್ಟು ಹೇಳಿದರೆ ಒಂದು ಪಾಠ ಮುಗಿಯಿತು. ಬಡಿಸುವ ಕೈಗೆ ಹೇಳದೆ ಉಣ್ಣುವ ಬಾಯಿಗೆ ಮಾತ್ರ ಉಪದೇಶಿಸಿದರೆ ಏನು ಪ್ರಯೋಜನ?

ಸಕ್ಕರೆ ಕಾಯಿಲೆಗೆ ಮುದ್ದೆ ಒಳ್ಳೆಯದೆಂದು ಕೇಳಿ ಎರಡು ದೊಡ್ಡ ಮುದ್ದೆ ಉಣ್ಣುವವರೂ ಇದ್ದಾರೆ. ರಾಗಿಯೂ ಧಾನ್ಯವೇ, ಅದರಲ್ಲಿಯೂ ಪಿಷ್ಟವುಂಟು; ಮುದ್ದೆಯ ಗಾತ್ರ ಇಳಿಯಬೇಕು, ಪಕ್ಕದ ಕಾಳು ಸೊಪ್ಪು ಏರಬೇಕು. ಇನ್ನು ಉಪ್ಪು. ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಿಕ್ಕ ಚಮಚ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಈ ಮಾತನ್ನು ಹೇಳಿದ್ದಕ್ಕೆ ನನ್ನ ಅಜ್ಜಿ, “ಓದ್ದೋಳು ಅಂತ ನನ್ನ ನಾಲ್ಗೆ ರುಚಿನೂ ಕಿತ್ಕತೀಯಾ ಮಗ?” ಎಂದಳು. ಅವಳ ಪ್ರಶ್ನೆ ನ್ಯಾಯವಾದದ್ದು. ವಯಸ್ಸಾದಂತೆ ನಾಲಗೆಯ ರುಚಿ ಮಂಕಾಗುತ್ತದೆ. ಕಿತ್ತುಕೊಳ್ಳುವವರು ಬದಲಿಗೆ ನಿಂಬೆ, ಬೆಳ್ಳುಳ್ಳಿ, ಮೆಣಸಿನ ರುಚಿಯನ್ನಾದರೂ ಕೊಡಬೇಡವೆ?

ಸೊಪ್ಪಿನ ಮೇಲಿನ ಪ್ರೀತಿಯೂ ಅತಿಯಾಗಬಾರದು. ಬಿ-12 ಜೀವಸತ್ವ ಸೊಪ್ಪಿನಲ್ಲಿಲ್ಲ. ಹಾಲು, ಮೊಸರು, ಮೊಟ್ಟೆ, ಮಾಂಸಗಳಲ್ಲಿದೆ. ಅದು ಕಡಿಮೆಯಾದರೂ ಮರೆವು ಬರುತ್ತದೆ. ಈ ಮರೆವನ್ನು ರಕ್ತಪರೀಕ್ಷೆಯಿಂದ ಬೇಗ ಕಂಡುಕೊಂಡರೆ ಸರಿಪಡಿಸಬಹುದು. ಅದನ್ನೂ ಅರಳು ಮರಳೆಂದು ಮೂಲೆಗೆ ಕೂರಿಸುವುದು ಅನ್ಯಾಯ.

ಊಟವೊಂದೇ ಮದ್ದೆಂದು ನಾನು ವಾದಿಸುತ್ತಿಲ್ಲ. ಅಮೆರಿಕದಲ್ಲಿ 604 ಹಿರಿಯರ ಮೇಲೆ ಮೂರು ವರ್ಷ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮಿದುಳಿಗೆಂದೇ ರೂಪಿಸಿದ ಊಟ ಉಂಡವರಿಗೂ ವಾಡಿಕೆಯ ಊಟವನ್ನೇ ಮಿತವಾಗಿ ಉಂಡವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಫಿನ್ಲೆಂಡಿನಲ್ಲಿ 1,260 ಜನರಲ್ಲಿ ಅರ್ಧದಷ್ಟು ಮಂದಿಗೆ ಊಟದ ಜೊತೆಗೆ ವ್ಯಾಯಾಮ, ಬುದ್ಧಿಯ ಅಭ್ಯಾಸ, ರಕ್ತದೊತ್ತಡದ ನಿಗಾ ಎಲ್ಲವನ್ನೂ ಎರಡು ವರ್ಷ ಒಟ್ಟಿಗೆ ನಡೆಸಿದಾಗ ಫಲ ದೊರೆಯಿತು. ಅದು 2015ರಲ್ಲಿ ಪ್ರಕಟವಾಯಿತು. ನಮ್ಮ ನಾಡಿನಲ್ಲಿಯೂ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ಅಧ್ಯಯನ ಮಾಡುತ್ತಿದ್ದಾರೆ. ಅವರೂ ನಮ್ಮಂತೆ ಮುದ್ದೆ ಉಣ್ಣುವ ಜನ.

ವಿದ್ಯಾರ್ಥಿಗಳಾದ ನಾವು ಮಾಡಬಹುದಾದದ್ದೂ ಉಂಟು. ಎನ್.ಎಸ್.ಎಸ್. ಶಿಬಿರದ ಏಳು ದಿನಗಳಲ್ಲಿ ಚರಂಡಿ ಬಳಿಯುತ್ತೇವೆ, ಜಾಥಾ ಹೊರಡುತ್ತೇವೆ, ಭಾಷಣ ಕೇಳಿ ತೂಕಡಿಸುತ್ತೇವೆ. ಅದರಲ್ಲಿ ಒಂದು ಸಂಜೆಯನ್ನು ಇದಕ್ಕೆ ಬಿಡೋಣ. ಆರೋಗ್ಯ ಉಪಕೇಂದ್ರದವರು ಬಂದು ರಕ್ತದೊತ್ತಡ ನೋಡಲಿ; ಊರಿನ ಅಜ್ಜಿಯರು ಹೇಳಿದಂತೆ ನಾವು ಮಸ್ಸೊಪ್ಪು ಮಾಡೋಣ, ಉಪ್ಪನ್ನು ಮಾತ್ರ ಚಮಚದಲ್ಲಿ ಅಳೆಯೋಣ; ಸೊಸೆಯಂದಿರೂ ಮಕ್ಕಳೂ ಜೊತೆಗೆ ಕುಳಿತು ಉಣ್ಣಲಿ. ಮುಂದಿನ ಶಿಬಿರದ ಕಾರ್ಯಕ್ರಮ ಪಟ್ಟಿ ಸಿದ್ಧಪಡಿಸುವಾಗ ಅಧ್ಯಾಪಕರು ಇದನ್ನು ಗಮನಿಸಬೇಕೆಂದು ಕೋರುತ್ತೇನೆ. ಅಷ್ಟರಲ್ಲಿ ನಾನು ಕಾಲೇಜು ಬಿಟ್ಟಿರುತ್ತೇನೆ. ಹೇಳಿ ಕಳುಹಿಸಿದರೆ ಅಜ್ಜಿಯನ್ನೂ ಕರೆದುಕೊಂಡು ಬರುತ್ತೇನೆ.