ಹದಿನೇಳು ಗಂಟೆ: ಯಾರ ಗಡಿಯಾರದಲ್ಲಿ?

2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನವೊಂದು ಉತ್ತರ ಧ್ರುವದ ದಾರಿ ಹಿಡಿದು 11ರ ನಸುಕಿನಲ್ಲಿ ದೇವನಹಳ್ಳಿಯ ನೆಲ ಮುಟ್ಟಿತು. ಎರಡು ನಗರಗಳ ನೇರ ಅಂತರ ಸುಮಾರು 14,000 ಕಿ.ಮೀ.; ಎಲ್ಲಿಯೂ ಇಳಿಯದೆ ಕ್ರಮಿಸಿದ ಕಾಲ ಸುಮಾರು 17 ಗಂಟೆ. ಚಾಲಕ ತಂಡ ಪೂರ್ತಿ ಮಹಿಳೆಯರದು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಸಂಗಡಿಗರಿಗೆ ಸಂದ ಮೆಚ್ಚುಗೆಯ ಬಗ್ಗೆ ತಕರಾರಿಲ್ಲ. ತಕರಾರಿರುವುದು ದೂರವೇ ಅಳಿಯಿತೆಂಬ ಹೆಮ್ಮೆಯ ಬಗ್ಗೆ. ಅಳಿದದ್ದು ಯಾರ ಪಾಲಿನ ದೂರ?

2008ರ ಮೇ ತಿಂಗಳಲ್ಲಿ ನಗರದೊಳಗಿನ ಎಚ್.ಎ.ಎಲ್. ನಿಲ್ದಾಣವನ್ನು ಪ್ರಯಾಣಿಕ ವಿಮಾನಗಳಿಗೆ ಮುಚ್ಚಿ, ಸುಮಾರು 4,000 ಎಕರೆಯ ಹೊಸ ನಿಲ್ದಾಣವನ್ನು ದೇವನಹಳ್ಳಿಯ ಬಳಿ ತೆರೆಯಲಾಯಿತು. ಆಕಾಶದಲ್ಲಿ ಉಳಿಸಿದ ಹೊತ್ತನ್ನು ನೆಲದ ಮೇಲೆ ಕಳೆಯುವ ಏರ್ಪಾಡು ಅಂದೇ ಆರಂಭವಾಯಿತು. ಆ ಹೊತ್ತನ್ನು ಮರಳಿ ಗಳಿಸಲು ಬಳ್ಳಾರಿ ರಸ್ತೆ ಅಗಲವಾಯಿತು, ಮರಗಳು ಉರುಳಿದವು. 2014ರಲ್ಲಿ ಹೆಬ್ಬಾಳದಾಚೆ ಮೇಲುರಸ್ತೆ ಬಂತು. ಆಮೇಲೆ ಮೆಟ್ರೋ ಕಂಬಗಳು, ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ಸುರಂಗ ರಸ್ತೆಯ ಯೋಜನೆ. ಮಲೆನಾಡಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬಂದವರು ಯಶವಂತಪುರದ ಬಳಿ ಇಳಿದು ಹೆಬ್ಬಾಳ ದಾಟಲು ಪಡುವ ಪಾಡು ಯಾವ ವಿಮಾನದ ವೇಳಾಪಟ್ಟಿಯಲ್ಲೂ ಇಲ್ಲ.

ಇಂಧನದ ಲೆಕ್ಕವೂ ಹಾಗೆಯೇ. ಅಂತಹ ಒಂದು ಹಾರಾಟಕ್ಕೆ 100 ಟನ್ನಿಗೂ ಹೆಚ್ಚು ಇಂಧನ ಉರಿಯುತ್ತದೆ. ಉರಿದ ಪ್ರತಿ ಕಿಲೋಗೆ ಮೂರು ಕಿಲೋ ಮೀರಿದ ಇಂಗಾಲದ ಡೈಆಕ್ಸೈಡು ಹೊರಬೀಳುತ್ತದೆ. ಅಂತರರಾಷ್ಟ್ರೀಯ ವಿಮಾನಗಳ ಈ ಹೊಗೆಯನ್ನು 1997ರ ಕ್ಯೋಟೋ ಒಪ್ಪಂದ ಯಾವ ದೇಶದ ಮಿತಿಗೂ ಸೇರಿಸದೆ ಬಿಟ್ಟಿತು. ಹೊಗೆಗೆ ತವರಿಲ್ಲ; ಅದರ ಫಲ ಉಣ್ಣುವವರಿಗೆ ಮಾತ್ರ ಊರುಕೇರಿಗಳಿವೆ. ಮಳೆ ಹಿಂದುಮುಂದಾದಾಗ ಅಡಿಕೆಗೆ ಕೊಳೆರೋಗ ತಗಲುವುದು, ಕಾಫಿಯ ಹೂ ಉದುರುವುದು ಅವರ ತೋಟದಲ್ಲಿ.

ಎಲ್ಲಕ್ಕಿಂತ ಭಾರವಾದದ್ದು ಮಣ್ಣಿನ ಲೆಕ್ಕ. ದೇವನಹಳ್ಳಿ ಸೀಮೆಯಲ್ಲಿ ಜೀವನದಿಯೊಂದೂ ಇಲ್ಲ. ಕೆರೆ, ಕೊಳವೆಬಾವಿಗಳನ್ನೇ ನಂಬಿ ಇಲ್ಲಿನ ರೈತರು ದ್ರಾಕ್ಷಿ, ಹಿಪ್ಪುನೇರಳೆ, ತರಕಾರಿ ಬೆಳೆದರು, ಹಾಲು ಕರೆದರು. ಇಲ್ಲಿನ ಚಕ್ಕೋತಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ನಿಲ್ದಾಣ ಬಂದರೆ ಅದರ ಬೆನ್ನಿಗೆ ಕೈಗಾರಿಕೆಯೂ ಬರಬೇಕಲ್ಲ! ವೈಮಾನಿಕ ಮತ್ತು ರಕ್ಷಣಾ ಉದ್ಯಾನಕ್ಕೆಂದು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯ ಮೇಲೆ ಸರ್ಕಾರ ಕಣ್ಣಿಟ್ಟಿತು. (ಉದ್ಯಾನವೆಂಬ ಹೆಸರು ಯಾರಿಗೆ ಹೊಳೆಯಿತೋ; ಅಲ್ಲಿ ಬೆಳೆಯುವ ಗಿಡವಂತೂ ಇಲ್ಲ.) 2022ರ ಏಪ್ರಿಲ್‌ನಲ್ಲಿ ಧರಣಿ ಕುಳಿತ ರೈತರು ಮೂರು ವರ್ಷ ದಾಟಿದರೂ ಏಳಲಿಲ್ಲ. ಹದಿನೇಳು ಗಂಟೆಯ ಸಾಧನೆಯನ್ನು ಕೊಂಡಾಡಿದ ನಗರಕ್ಕೆ ಈ ಸಾವಿರಕ್ಕೂ ಮೀರಿದ ಹಗಲುಗಳು ಬಹುಕಾಲ ಕಾಣಲೇ ಇಲ್ಲ.

2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನವನ್ನು ಕೈಬಿಡುವುದಾಗಿ ಘೋಷಿಸಿದರು. ಸ್ವಇಚ್ಛೆಯಿಂದ ಕೊಡುವವರ ಭೂಮಿಯನ್ನು ಹೆಚ್ಚಿನ ಬೆಲೆಗೆ ಪಡೆಯಲಾಗುವುದೆಂಬ ಮಾತನ್ನೂ ಅದೇ ದಿನ ಸೇರಿಸಿದರು.