'ತಲೆಗೆ ಇಷ್ಟು' ಎಂಬ ಲೆಕ್ಕ

ಬೆಂಗಳೂರಿನಂಥ ದೊಡ್ಡ ನಗರದಲ್ಲಿ ಗೆಳೆಯರೆಲ್ಲ ಸೇರಿ ಒಂದು ದಿನವನ್ನು ಸಂತೋಷದಿಂದ ಕಳೆಯುವುದು ಕಷ್ಟದ ಕೆಲಸವೇನಲ್ಲ. ಅದನ್ನು ಕಷ್ಟವಾಗಿಸಿರುವುದು ನಾವು ಯೋಜನೆ ಹಾಕುವ ಕ್ರಮ. ಮೊದಲು ಜಾಗ ಗೊತ್ತಾಗುತ್ತದೆ. ಆಮೇಲೆ ಖರ್ಚಿನ ಒಟ್ಟು ಮೊತ್ತ. ಅದನ್ನು ಭಾಗಿಸಿ 'ತಲೆಗೆ ಇಷ್ಟು' ಎಂದು ಸಾರುವುದು ಮೂರನೆಯ ಹಂತ. ಯಾರು ಯಾರು ಬರುತ್ತೀರಿ ಎಂದು ಕೇಳುವುದು ಕಟ್ಟಕಡೆಗೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರೆಂದು ಗಾದೆ ಹೇಳಿ ನಗುತ್ತೇವೆ. ಇಲ್ಲಿ ಅದಕ್ಕಿಂತಲೂ ಮುಂದೆ ಹೋಗಿ, ಕುಲಾವಿಯ ಅಳತೆಗೆ ತಕ್ಕ ಕೂಸುಗಳನ್ನೇ ಆರಿಸಿಕೊಳ್ಳುತ್ತಿದ್ದೇವೆ. ಈ ಪದ್ಧತಿ ಗೆಳೆತನಕ್ಕೆ ಮಾರಕವೆಂಬುದೇ ನನ್ನ ವಾದ.

ಕಳೆದ ವರ್ಷ ನಾನು ಪಾಠ ಹೇಳಿದ ಒಂದು ತಂಡದವರು, ಎಸ್.ಎಸ್.ಎಲ್.ಸಿ. ಮುಗಿಸಿ ಇಪ್ಪತ್ತೈದು ವರ್ಷ ತುಂಬಿತೆಂದು, ಬೆಂಗಳೂರಿನಲ್ಲಿ ಒಂದು ದಿನ ಕಲೆಯಲು ನಿಶ್ಚಯಿಸಿದರು. ಅವರೂ ಇದನ್ನು ಓದುತ್ತಾರೆ. ಓದಲಿ ಎಂದೇ ಬರೆಯುತ್ತಿದ್ದೇನೆ. ಜಾಗ ನಗರದ ಹೊರವಲಯದ ಒಂದು ರೆಸಾರ್ಟ್. ತಲೆಗೆ 2,800 ರೂಪಾಯಿ. ಗುರುಗಳೆಂದು ನನಗೆ ವಿನಾಯಿತಿ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲವೂ ಆಯಿತು. ಮಕ್ಕಳ ಪ್ರೀತಿಗೆ ನಾನು ಋಣಿ. ಆದರೆ ಹಾಜರಿ ತರಗತಿಯ ಅರ್ಧಕ್ಕಿಂತ ಕಡಿಮೆ. ಬಾರದವರಲ್ಲಿ ಕೆಲವರು ಬೆಂಗಳೂರಿನಲ್ಲೇ ವಾಸವಾಗಿರುವವರು. ಒಬ್ಬಳು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸದವಳು, ಒಬ್ಬ ಆಟೋ ಓಡಿಸುವವನು. "ಡ್ಯೂಟಿ ಇದೆ", "ಮನೆಯಲ್ಲಿ ಕಾರ್ಯಕ್ರಮ" ಎಂದು ಎಲ್ಲರೂ ಗೌರವದ ಉತ್ತರವನ್ನೇ ಕೊಟ್ಟಿದ್ದರು.

ಆ ಸಂಜೆ ಯಶವಂತಪುರ ನಿಲ್ದಾಣದಲ್ಲಿ ತುಮಕೂರಿನ ರೈಲಿಗೆ ಕಾಯುತ್ತಿದ್ದಾಗ ಆಟೋ ಓಡಿಸುವ ಶಿಷ್ಯ ಹುಡುಕಿಕೊಂಡು ಬಂದ. (ಅವನ ಒಪ್ಪಿಗೆ ಪಡೆದೇ ಇಷ್ಟನ್ನು ಬರೆಯುತ್ತಿದ್ದೇನೆ.) ಕಾಲಿಗೆರಗಿ ಪಕ್ಕದಲ್ಲಿ ಕುಳಿತವನು, ಯಾರು ಯಾರು ಬಂದಿದ್ದರು ಸಾರ್ ಎಂದು ಒಬ್ಬೊಬ್ಬರ ಹೆಸರನ್ನೂ ಹಿಡಿದು ಕೇಳಿದ. ನಮ್ಮ ಹಾಜರಿ ಪುಸ್ತಕದ ಕ್ರಮದಲ್ಲೇ ಕೇಳಿದ! ಇಪ್ಪತ್ತೈದು ವರ್ಷದ ನಂತರವೂ ಆ ಕ್ರಮ ಅವನಿಗೆ ಬಾಯಿಪಾಠವಾಗಿತ್ತು. ಆ ದಿನಕ್ಕಾಗಿ ಎಲ್ಲರಿಗಿಂತ ಹೆಚ್ಚು ಹಂಬಲಿಸಿದವನು ಆ ದಿನದಿಂದ ಹೊರಗುಳಿದಿದ್ದ. 2,800 ರೂಪಾಯಿಯ ಜೊತೆಗೆ ಒಂದು ದಿನದ ದುಡಿಮೆಯನ್ನೂ ಬಿಡುವುದೆಂದರೆ ಏನೆಂದು, ತಿಂಗಳ ಸಂಬಳ ಬ್ಯಾಂಕಿಗೆ ಬಂದು ಬೀಳುವವರಿಗೆ ತಟ್ಟನೆ ಹೊಳೆಯುವುದಿಲ್ಲ.

ಮೂವತ್ತು ವರ್ಷಕ್ಕೂ ಮಿಕ್ಕಿ ಸಮಾಜ ವಿಜ್ಞಾನ ಬೋಧಿಸಿದ ನನಗೆ ಈ 'ಡ್ಯೂಟಿ'ಯ ಗುರುತು ಹಳೆಯದು. ಶಾಲಾ ಪ್ರವಾಸದ ಹೊಣೆ ಬಹುತೇಕ ವರ್ಷ ನನ್ನ ಹೆಗಲಿಗೇ ಬೀಳುತ್ತಿತ್ತು. ಹಣ ಕಟ್ಟುವ ಕೊನೆಯ ದಿನ ಯಾರಿಗೆ ಜ್ವರ ಬರುತ್ತದೆ, ಯಾರ ಮನೆಗೆ ಇದ್ದಕ್ಕಿದ್ದಂತೆ ನೆಂಟರು ಬರುತ್ತಾರೆ, ಯಾರ ಅಜ್ಜಿಗೆ ಹುಷಾರು ತಪ್ಪುತ್ತದೆ ಎಂಬುದನ್ನು ಉಪಾಧ್ಯಾಯರಾದವರು ಪುಸ್ತಕ ನೋಡದೆ ಹೇಳಬಲ್ಲರು. ಆದ್ದರಿಂದ ನಾವು ಮೊದಲು ಮಕ್ಕಳನ್ನು ಎಣಿಸುತ್ತಿದ್ದೆವು, ಅವರ ಮನೆಗಳ ಶಕ್ತಿಯನ್ನು ತಿಳಿದುಕೊಳ್ಳುತ್ತಿದ್ದೆವು, ಊರನ್ನು ಆಮೇಲೆ ಆರಿಸುತ್ತಿದ್ದೆವು. ಬೇಲೂರು, ಹಳೇಬೀಡು ಎಟುಕದ ವರ್ಷ ಶಿವಗಂಗೆಯ ಬೆಟ್ಟವಿತ್ತು. ಕಡಿಮೆ ಮಾಡುತ್ತಿದ್ದುದು ದೂರವನ್ನು, ಮಕ್ಕಳನ್ನಲ್ಲ. ಶಿವಗಂಗೆಗೆ ಹೋದ ವರ್ಷದ ಮಕ್ಕಳು ಸಂತೋಷದಲ್ಲಿ ಹಿಂದೆ ಬಿದ್ದರೆಂದು ನಾನಂತೂ ಕಂಡಿಲ್ಲ.

"ಕಷ್ಟದಲ್ಲಿರುವವರ ಪಾಲನ್ನು ನಾವೇ ಹಾಕುತ್ತಿದ್ದೆವು ಸಾರ್, ಬಾಯಿಬಿಟ್ಟು ಹೇಳಬೇಕಿತ್ತು" ಎನ್ನುವವರಿದ್ದಾರೆ. ಅವರ ಉದಾರ ಬುದ್ಧಿಯಲ್ಲಿ ನನಗೆ ಅನುಮಾನವಿಲ್ಲ. ಆದರೆ ಬಾಯಿಬಿಟ್ಟು ಹೇಳುವುದೇ ಎಲ್ಲಕ್ಕಿಂತ ದುಬಾರಿಯಾದದ್ದು. ಒಂದೇ ಬೆಂಚಿನಲ್ಲಿ ಕೂತು, ಒಂದೇ ಬೆತ್ತದ ರುಚಿ ಕಂಡವರ ನಡುವೆ ಒಬ್ಬ ಕೊಡುವವನೂ ಇನ್ನೊಬ್ಬ ಪಡೆಯುವವನೂ ಆದರೆ, ಪಡೆದವನು ಆ ದಿನವೆಲ್ಲ ಹಂಗಿನ ಅನ್ನ ಉಣ್ಣುತ್ತಾನೆ. ತಮಾಷೆಗೆ ಎದುರು ತಮಾಷೆ ಮಾಡುವ ಮೊದಲು ಎರಡು ಸಲ ಯೋಚಿಸುತ್ತಾನೆ. ಹಂಗಿಲ್ಲದೆ ಕೂಡಬಹುದಾದ ಜಾಗಗಳು ನಗರದ ತುಂಬ ಇರುವಾಗ ಈ ಇಕ್ಕಟ್ಟಾದರೂ ಏಕೆ?

"ರೆಸಾರ್ಟ್ ಬೇಡವಾದರೆ ಮಾಲ್ ಇದೆಯಲ್ಲ, ಒಳಗೆ ಹೋಗಲು ದುಡ್ಡೇ ಬೇಡ" ಎಂದು ಇನ್ನೊಂದು ಮಾತು. ದುಡ್ಡು ಬೇಡ, ನಿಜ. ಆದರೆ ಬಾಗಿಲಲ್ಲಿ ಬೇರೇನೋ ಅಳತೆ ನಡೆಯುತ್ತದೆ. 2024ರ ಜುಲೈನಲ್ಲಿ ಬೆಂಗಳೂರಿನ ಒಂದು ಮಾಲ್‌ನಲ್ಲಿ, ಮಗನೊಂದಿಗೆ ಸಿನಿಮಾ ನೋಡಲು ಬಂದಿದ್ದ ಹಾವೇರಿ ಜಿಲ್ಲೆಯ ವೃದ್ಧ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂಬ ಕಾರಣಕ್ಕೆ ತಡೆದು ನಿಲ್ಲಿಸಿದರು. ಸರ್ಕಾರ ಏಳು ದಿನ ಆ ಮಾಲನ್ನು ಮುಚ್ಚಿಸಿತು. ಅದೇ ವರ್ಷದ ಫೆಬ್ರವರಿಯಲ್ಲಿ ಮೆಟ್ರೊ ನಿಲ್ದಾಣವೊಂದರಲ್ಲಿ ಬಟ್ಟೆ ಕೊಳೆಯಾಗಿದೆಯೆಂದು ಮತ್ತೊಬ್ಬ ರೈತರನ್ನು ತಡೆಯಲಾಗಿತ್ತು. ಜೊತೆಯ ಪ್ರಯಾಣಿಕರು ಪಟ್ಟುಹಿಡಿದು ವಾದಿಸಿದ್ದರಿಂದ ಅವರಿಗೆ ದಾರಿ ಸಿಕ್ಕಿತು; ತಡೆದ ಸಿಬ್ಬಂದಿಯನ್ನು ಕೆಲಸದಿಂದ ತೆಗೆದರು. ಇನ್ನು ಸಿನಿಮಾದ ಮಾತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ವಿಧಿಸಿತು. ಅದೇ ತಿಂಗಳಲ್ಲಿ ಹೈಕೋರ್ಟ್ ತಡೆಯಾಜ್ಞೆ ನೀಡಿತು. ಮಿತಿ ಹಾಕಬೇಕೆಂದು ಸರ್ಕಾರಕ್ಕೆ ಅನ್ನಿಸುವ ಮಟ್ಟಕ್ಕೆ ಬೆಲೆ ಏರಿದೆಯೆಂಬುದಂತೂ ಸ್ಪಷ್ಟ.

ಎಲ್ಲಕ್ಕಿಂತ ನನ್ನನ್ನು ಕೆರಳಿಸುವ ಮಾತು, "ಬೆಂಗಳೂರಿನಲ್ಲಿ ಬೇರೇನಿದೆ ಸಾರ್ ನೋಡಲು?" ಎಂಬುದು. ಹಿತ್ತಲ ಗಿಡ ಮದ್ದಲ್ಲ! ಕೇಳಿರಿ.

ಒಂದು ಭಾನುವಾರದ ಬೆಳಿಗ್ಗೆ ಎಂಟಕ್ಕೆ ಲಾಲ್‌ಬಾಗ್ ಮೆಟ್ರೊ ನಿಲ್ದಾಣದ ಬಳಿ ಕಲೆಯಿರಿ. ಹೈದರಾಲಿ 1760ರಲ್ಲಿ ಆರಂಭಿಸಿದ ತೋಟ ಇಂದು 240 ಎಕರೆ. ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. ಕೆಂಪೇಗೌಡರ ಗೋಪುರವನ್ನು ಹೊತ್ತು ನಿಂತ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಅದೊಂದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಷ್ಟು ಹಳೆಯ ಕಲ್ಲಿನ ಮೇಲೆ ಕುಳಿತು ನಿಮ್ಮ ಹತ್ತನೆಯ ತರಗತಿಯ ಜಗಳಗಳನ್ನು ನೆನೆದುಕೊಳ್ಳಿ, ಅವು ಎಷ್ಟು ಸಣ್ಣವೆಂದು ತಿಳಿಯುತ್ತದೆ. ಅಲ್ಲಿಂದ ಹರಟುತ್ತ ನಡೆದರೆ ಗಾಂಧಿ ಬಜಾರು. 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನದ ಮುಂದೆ ಭಾನುವಾರ ಕಾಯಬೇಕಾಗುತ್ತದೆ. ಕಾಯಿರಿ, ಅದೂ ಹರಟೆಯ ಹೊತ್ತೇ. ಕೈತುಂಬ ದೋಸೆಯ ತಟ್ಟೆಗಳನ್ನು ಪೇರಿಸಿಕೊಂಡು ಬರುವ ಮಾಣಿಯನ್ನು ನೋಡುವುದಕ್ಕೆ ಬೇರೆ ಟಿಕೆಟ್ ಇಲ್ಲ. ಮುಂದೆ ದೊಡ್ಡ ಬಸವಣ್ಣ, ಕಹಳೆ ಬಂಡೆಯ ನೆರಳು. ಪುಸ್ತಕದಂಗಡಿ, ಹೂವಿನ ಸಾಲು, ಹಣ್ಣಿನ ರಾಶಿ. ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಊಟ ಮುಗಿಸಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಮೆಟ್ರೊ ಹಿಡಿದು, ಮೆಜೆಸ್ಟಿಕ್‌ನಲ್ಲಿ ಬದಲಿಸಿದರೆ ಕಬ್ಬನ್ ಪಾರ್ಕ್. 1870ರಲ್ಲಿ ರೂಪುಗೊಂಡ ಈ ಉದ್ಯಾನದ ಮರಗಳ ಕೆಳಗೆ ಎಷ್ಟು ಹೊತ್ತು ಕುಳಿತರೂ ಎಬ್ಬಿಸಲು ಬಿಲ್ಲು ಬರುವುದಿಲ್ಲ. ಪಕ್ಕದ ಕಸ್ತೂರಬಾ ರಸ್ತೆಯಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯ, ಅದರ ನೆರೆಯಲ್ಲೇ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. (ಹಳೆಯ ಕಟ್ಟಡಗಳಲ್ಲಿ ದುರಸ್ತಿ ನಡೆಯುವುದುಂಟು, ತೆರೆದಿದೆಯೇ ಎಂದು ವಿಚಾರಿಸಿಕೊಂಡು ಹೋಗಿ.) ಸರ್ಕಾರಿ ಸಂಗ್ರಹಾಲಯದ ಆತಕೂರಿನ ಶಾಸನದ ಪಾಠ ನಿಮಗೆ ನೆನಪಿರಬೇಕು. ಹತ್ತನೆಯ ಶತಮಾನದ ಮಧ್ಯಭಾಗದ ವೀರಗಲ್ಲು ಅದು. ಚೋಳರೊಡನೆ ನಡೆದ ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೆರನಿಗೆ ಗಂಗರ ಬೂತುಗ, ಮೆಚ್ಚಿದೆ, ಬೇಕಾದುದನ್ನು ಕೇಳು ಎನ್ನುತ್ತಾನೆ. ಮಣಲೆರ ಕೇಳಿದ್ದು ಕಾಳಿ ಎಂಬ ಹೆಸರಿನ ಬೇಟೆನಾಯಿಯನ್ನು. ಮುಂದೆ ಕಾಳಿ ಹಂದಿಯೊಂದರ ಜೊತೆ ಹೋರಾಡಿ ಮಡಿದಾಗ ಅದರ ನೆನಪಿಗೆ ಈ ಕಲ್ಲನ್ನು ನಿಲ್ಲಿಸಲಾಯಿತು. ಏನು ಬೇಕಾದರೂ ಕೇಳಬಹುದಾಗಿದ್ದಾಗ ಒಬ್ಬ ಸಂಗಾತಿಯನ್ನು ಕೇಳಿದ ಮನುಷ್ಯ ಅವನು. ನಾವು ಸಂಗಾತಿಗಳನ್ನು ಮನೆಯಲ್ಲೇ ಬಿಟ್ಟು ಈಜುಕೊಳ ಬೇಕೆನ್ನುತ್ತೇವೆ.

"ದುಡಿದು ಗಳಿಸಿದ್ದೇವೆ, ಖರ್ಚು ಮಾಡುವುದು ತಪ್ಪೇ?" ಎಂದು ಕೇಳಬಹುದು. ತಪ್ಪಲ್ಲ. ಹೆಂಡತಿ ಮಕ್ಕಳೊಂದಿಗೆ ಯಾವ ರೆಸಾರ್ಟಿಗೆ ಬೇಕಾದರೂ ಹೋಗಿರಿ, ಮೇಷ್ಟ್ರು ಅಡ್ಡ ಬರುವುದಿಲ್ಲ. ಆದರೆ 'ನಮ್ಮ ತರಗತಿ', 'ನಮ್ಮ ಗೆಳೆಯರ ಬಳಗ' ಎಂಬ ಹೆಸರಿನಲ್ಲಿ ಹೊರಡುವಾಗ ಆ ಹೆಸರಿಗೆ ಎಲ್ಲರೂ ಹಕ್ಕುದಾರರು. ಅರ್ಧ ತರಗತಿ ಬಾರದಂತೆ ಮಾಡಿದ ಮೇಲೆ ಫೋಟೋದ ಕೆಳಗೆ ಇಡೀ ತರಗತಿಯ ಹೆಸರು ಬರೆಯುವುದು ನ್ಯಾಯವಲ್ಲ.

ನನ್ನ ವಾದಕ್ಕೆ ಎದುರಾಗಿರುವ ಒಂದು ಸತ್ಯವನ್ನು ಮುಚ್ಚಿಡಲಾರೆ. ನನ್ನ ಒಬ್ಬ ವಿದ್ಯಾರ್ಥಿನಿ ಹೇಳಿದಳು: "ಸಾರ್, ನಾವು ಹೆಂಗಸರು ಮಾಲ್ ಆರಿಸಿಕೊಳ್ಳುವುದು ಅಂಗಡಿಗಳಿಗಾಗಿ ಅಲ್ಲ, ಶೌಚಾಲಯಕ್ಕಾಗಿ." ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ಉತ್ತರ ಕೊಡಬೇಕಾದವರು ನಗರವನ್ನು ಆಳುವವರು. ಶುಚಿಯಾದ ಶೌಚಾಲಯ, ಕುಡಿಯುವ ನೀರು, ಮಂಡಿನೋವಿನವರಿಗೊಂದು ಬೆಂಚು, ನಡೆಯಲು ಮುರಿಯದ ಕಾಲುದಾರಿ: ಇವಿಲ್ಲದೆ ಉದ್ಯಾನನಗರಿ ಎಂಬ ಬಿರುದು ಬರಿಯ ಬಾಯಿಮಾತು. ಸಾರಿಗೆಯ ವಿಷಯವೂ ಹಾಗೆಯೇ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾದದ್ದು ಎಷ್ಟೋ ಗೆಳತಿಯರನ್ನು ಮತ್ತೆ ಒಂದುಗೂಡಿಸಿದೆ. ಅದೇ ಊರಿನಲ್ಲಿ 2025ರ ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ದರವನ್ನು 60ರಿಂದ 90 ರೂಪಾಯಿಗೆ ಏರಿಸಿದರು. ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಕಸಿದರೆ ಹೇಗೆ? ನಾವು ಉದ್ಯಾನಗಳಿಗೆ ಹೋಗುವುದನ್ನೇ ಬಿಟ್ಟರೆ ಅಲ್ಲಿನ ಕೊರತೆಗಳನ್ನು ಕೇಳುವವರು ಯಾರೂ ಇರುವುದಿಲ್ಲ. ಆಗ ಅವುಗಳ ಜಾಗಕ್ಕೆ ಬೇರೆ ಆಸೆಗಣ್ಣುಗಳು ಬೀಳುತ್ತವೆ.

ಆದ್ದರಿಂದ ಯೋಜನೆ ಹಾಕುವವರಿಗೆ ಮೇಷ್ಟ್ರ ಕಟ್ಟಳೆಗಳು ಇವು. ಮೊದಲು ಹೆಸರುಗಳನ್ನು ಬರೆಯಿರಿ. ಅವರಲ್ಲಿ ಎಲ್ಲರಿಗಿಂತ ತೆಳ್ಳಗಿನ ಜೇಬು ಯಾರದೋ, ಎಲ್ಲರಿಗಿಂತ ಸೋತ ಮಂಡಿ ಯಾರದೋ, ಆ ಇಬ್ಬರಿಗೆ ಒಗ್ಗುವಂತೆ ಜಾಗ ಆರಿಸಿ; ಉಳಿದವರಿಗೆ ತಾನಾಗಿ ಒಗ್ಗುತ್ತದೆ. ದಿನಗೂಲಿಯವರನ್ನು, ಪಾಳಿಯಲ್ಲಿ ದುಡಿಯುವವರನ್ನು ಕೇಳಿ ತಾರೀಖು ಗೊತ್ತುಮಾಡಿ. ಒಂದು ದಿನಕ್ಕೆ ಎರಡು ಬಡಾವಣೆ ಸಾಕು. ಮೂರನೆಯದನ್ನು ತುರುಕಿದರೆ ದಿನವೆಲ್ಲ ರಸ್ತೆಯ ದಟ್ಟಣೆಯಲ್ಲೇ ಕರಗುತ್ತದೆ. 'ತಲೆಗೆ ಇಷ್ಟು' ಎಂದು ಹಣ ಕೂಡಿಸಬೇಡಿ, ಅವರವರು ತಿಂದದ್ದಕ್ಕೆ ಅವರವರು ಕೊಡಲಿ. "ಡ್ಯೂಟಿ ಇದೆ" ಎಂಬ ಉತ್ತರ ಬಂದರೆ ಅದಕ್ಕೊಂದು ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗದೆ, ಫೋನು ಮಾಡಿ, "ಯಾವತ್ತು ಡ್ಯೂಟಿ ಇಲ್ಲ ಹೇಳು" ಎಂದು ಕೇಳಿ.

ಇದನ್ನು ಪರೀಕ್ಷಿಸಿ ನೋಡಲು ಒಂದು ಒಳ್ಳೆಯ ಸಂದರ್ಭವನ್ನೂ ಸೂಚಿಸುತ್ತೇನೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಸೋಮವಾರ ರಜೆ ಸಿಗದವರು ಹಿಂದಿನ ದಿನವೇ ಬನ್ನಿ, ರಾಶಿಗಳು ಅಷ್ಟರಲ್ಲಿ ಬಂದು ಬಿದ್ದಿರುತ್ತವೆ. ಅಲ್ಲಿ ಬಾಗಿಲಿಲ್ಲ, ಪಂಚೆಯನ್ನು ಅಳೆಯುವವರಿಲ್ಲ. ಒಂದು ಸೇರು ಕಡಲೆಕಾಯಿ ಐದಾರು ಜನಕ್ಕೆ ಸಾಕು. ಸಿಪ್ಪೆಯನ್ನು ಮಾತ್ರ ರಸ್ತೆಗೆ ಚೆಲ್ಲಬೇಡಿ; ಚೀಲ ನಾನು ತರುತ್ತೇನೆ.